ಅಮೃತವ್ವ ಮುಚ್ಚಿಟ್ಟ ಖಬರ

ಕಪ್ಪತಗುಡ್ಡವನ್ನು ಹಳ್ಳವೊಂದು ಸೀಳಿಕೊಂಡು ಹರಿಯುವ ಕಡೆ, ನೀರಿನ ಮಗ್ಗುಲಿಗೇ ಒಂದು ದಾರಿ. ಹಿಂದೆ ದಂಡು ಹಾದದ್ದು, ಎತ್ತುಗಳು ಉಪ್ಪಿನ ಹೇರು ಹೊತ್ತು ನಡೆದದ್ದು ಅಲ್ಲಿಯೇ. ಆ ದಾರಿಯ ದುರಸ್ತಿ ಮಾಡುತ್ತಿದ್ದ ಯಮನೂರಪ್ಪ ಜ್ವರದಿಂದ ಸತ್ತ ಮೇಲೂ ಹೆಂಡತಿ ಅಮೃತವ್ವ ಅಲ್ಲಿನ ಗುಡಿಸಲು ಬಿಡಲಿಲ್ಲ. ಹೋಗಬರುವವರಿಗೆ ಒರತೆಯ ನೀರು ಕೊಡುತ್ತಿದ್ದಳು. ಗಾಡಿಯವರು ಬೊಗಸೆ ಜೋಳ ಹಾಕಿ ಹೋಗುತ್ತಿದ್ದರು. ಗಾಡಿ ತಿರುವಿನಲ್ಲಿ ಮರೆಯಾದರೆ ಮುಗಿಯಿತು, ಮತ್ತೆ ಮಾತಿಗೆ ಯಾರೂ ಇಲ್ಲ.

ಸ್ವಾತಂತ್ರ್ಯ ಬಂದ ಮರುವರ್ಷ ಬೇಸಿಗೆಯಲ್ಲಿ ದಾರಿ ತುಂಬ ಜನ. ಮುಂಡರಗಿಯ ಆಚೆ, ನಿಜಾಮರ ಸೀಮೆಯಲ್ಲಿ ರಜಾಕಾರರ ಹಾವಳಿಗೆ ಊರು ಬಿಟ್ಟು ಬಂದವರು. ಅವರಲ್ಲಿ ಹನಮಂತವ್ವ ಎಂಬ ಮುದುಕಿಯ ಕಾಲು ಬಾತಿತ್ತು. ಮಗ ಹೇಮಪ್ಪ ಆಕೆಯನ್ನು ಗುಡಿಸಲ ನೆರಳಿಗೆ ಕೂಡಿಸಿದ.

"ಯಕ್ಕಾ, ದನ ಅಲ್ಲೇ ಉಳದಾವು, ನಾ ಹೊಳ್ಳಿ ಹೋಗಬೇಕು. ಎಲ್ಲಾ ತಣ್ಣಗಾದ ಮ್ಯಾಲ ಖಬರ ಕಳಸ್ತೀನಿ. ಅಲ್ಲಿತನಕ ನಮ್ಮವ್ವನ್ನ ನೋಡ್ಕೊರಿ."

ತಿಂಗಳೊಪ್ಪತ್ತಿಗೆ ಮುದುಕಿಯ ಕಾಲು ವಾಸಿಯಾಯಿತು. ಇಬ್ಬರೂ ಒಂದೇ ಬೀಸುವ ಕಲ್ಲಿನ ಎದುರುಬದುರು ಕೂತು ಜೋಳ ಬೀಸಿದರು, ಜಗಳಾಡಿದರು, ನಕ್ಕರು.

ದಸರೆಯ ಹೊತ್ತಿಗೆ ಗಾಡಿಯ ಮರ್ದಾನಸಾಬ ಖಬರ ತಂದ. "ನಿಜಾಮರ ರಾಜ್ಯ ಮುಗೀತು. ಅವ್ವನ್ನ ಕಳಸ್ರಿ ಅಂತ ಹೇಮಪ್ಪ ಹೇಳ್ಯಾನ."

ಹನಮಂತವ್ವ ಒರತೆಗೆ ಹೋಗಿದ್ದಳು. "ಕಾಲು ಇನ್ನೂ ನೆಟ್ಟಗಾಗಿಲ್ಲ" ಎಂದುಬಿಟ್ಟಳು ಅಮೃತವ್ವ.

ಎಂಟು ದಿನ ಆಕೆಗೆ ರೊಟ್ಟಿ ಇಳಿಯಲಿಲ್ಲ. ಒಂಬತ್ತನೆಯ ದಿನ ಅಳುತ್ತ ಹನಮಂತವ್ವನಿಗೆ ಎಲ್ಲ ಹೇಳಿದಳು.

"ಊರು ಬಿಟ್ಟು ಬಂದವರ ಗಾಡಿ ಎಲ್ಲಾ ಹೊಳ್ಳಿ ಹೊಂಟಾವು, ನಾ ಏನು ಕುರುಡಿ ಏನ?" ಎಂದಳು ಹನಮಂತವ್ವ. "ನಾನೂ ನಿನ್ನ ಕೇಳಲಿಲ್ಲ ನೋಡು. ಕೇಳಿದ್ರ ಹೋಗಬೇಕಾಗತಿತ್ತು."

ಮರುದಿನ ಗಾಡಿ ಹತ್ತುವಾಗ, "ನೀನೂ ಬಾರಬೇ" ಎಂದು ಕೈ ಹಿಡಿದಳು.

"ನಿನ್ನ ಮಗನ ಮನಿಗೆ ನಾ ಏನಂತ ಬರಲಿ?" ಎಂದು ಅಮೃತವ್ವ ಕೈ ಬಿಡಿಸಿಕೊಂಡಳು. ಆ ಚಳಿಗಾಲ ಆಕೆ ಬೀಸುವ ಕಲ್ಲಿನ ಹತ್ತಿರ ಹೋಗಲಿಲ್ಲ. ಜೋಳ ಕುಟ್ಟಿ ನುಚ್ಚು ಕುದಿಸಿಕೊಂಡಳು.

ಎಂಟು ವರ್ಷಕ್ಕೆ ಕನ್ನಡದ ಸೀಮೆಗಳೆಲ್ಲ ಒಂದಾದವು. "ಇನ್ನ ಆ ಕಡೀದೂ ನಮ್ಮ ರಾಜ್ಯನಬೇ" ಎಂದ ಮರ್ದಾನಸಾಬ. ಏನು ಧೈರ್ಯ ಬಂತೋ, ಅಮೃತವ್ವ ಅವನ ಗಾಡಿ ಹತ್ತಿದಳು.

ಹೇಮಪ್ಪ ಗುರುತು ಹಿಡಿದು ಜಗಲಿಯ ಮೇಲೆ ಕೂಡಿಸಿದ. ಹನಮಂತವ್ವ ತೀರಿಕೊಂಡು ಎರಡು ವರ್ಷವಾಗಿತ್ತು. "ನಿಮಗ ಹೇಳಿ ಕಳಸಬೇಕಿತ್ತು, ತಪ್ಪಾತ್ರಿ" ಎಂದ. ಉಣ್ಣಲಿಕ್ಕೆ ಕೊಟ್ಟ, ನಾಲ್ಕು ದಿನ ಇರಿ ಎಂದ.

ಆಕೆ ಉಂಡು ಎದ್ದಳು. ಮರ್ದಾನಸಾಬನ ಗಾಡಿಯಲ್ಲೇ ಗುಡಿಸಲಿಗೆ ಹಿಂದಿರುಗಿ, ಬೀಸುವ ಕಲ್ಲಿನ ತನ್ನ ಮಗ್ಗುಲಿಗೆ ಕೂತು ಒಬ್ಬಳೇ ಜೋಳ ಬೀಸಿದಳು.