ಅವ್ವ ಹೇಳಿದ ಹೆಸರು

ಮೊನ್ನೆ ನಮ್ಮ ಸೊಸೆ ಅಡುಗೆಮನೆಯಿಂದಲೇ ನನ್ನ ಮಗನನ್ನು ಹೆಸರು ಹಿಡಿದು ಕೂಗಿದಳು. ಒಗ್ಗರಣೆಗೆ ಕರಿಬೇವು ಬೇಕಿತ್ತಂತೆ, ಅಷ್ಟೇ. ನಾನು ಮಾತ್ರ ಬೆಚ್ಚಿಬಿದ್ದು ಮಗನ ಮುಖ ನೋಡಿದೆ. ಗುಂಡುಕಲ್ಲಿನ ಹಾಗೆ ಕೂತಿದ್ದ. ನಗಬೇಡಿ. ಹೆಂಡತಿ ಗಂಡನ ಹೆಸರೆತ್ತಿದರೆ ಅವನ ಆಯಸ್ಸು ಕರಗುತ್ತದೆ ಎಂದು ನಂಬಿದ ಮನೆಯಲ್ಲಿ ಬೆಳೆದವಳು ನಾನು.

ನಮ್ಮಪ್ಪ ನಂಜಪ್ಪ. ಹಾಗಾಗಿ ಅವ್ವನ ಬಾಯಲ್ಲಿ ನಂಜನಗೂಡು ಕೂಡ ಬರುತ್ತಿರಲಿಲ್ಲ, 'ಆ ದೇವರ ಊರು' ಅನ್ನುತ್ತಿದ್ದಳು.

ಮಹಾರಾಜರ ಕಾಲ, ನಾವಿದ್ದದ್ದು ಗಾವಡಗೆರೆಯಲ್ಲಿ. ಅಜ್ಜಿ ಬರೆದುಕೊಟ್ಟ ಗದ್ದೆಗೆ ಅವ್ವನ ಹೆಸರಲ್ಲೇ ಕಂದಾಯ ಹೋಗುತ್ತಿತ್ತು. ಹೆಂಗಸರಿಗೂ ವೋಟು ಬೇಕೆಂದು ಮೈಸೂರಿನಲ್ಲಿ ಯಾರ್ಯಾರೋ ವರ್ಷಗಟ್ಟಲೆ ಹೋರಾಡಿ ಗೆದ್ದಿದ್ದರಿಂದ, ಕಂದಾಯ ಕಟ್ಟುವ ಅವ್ವನಿಗೂ ಅದು ಬಂತು. ಅಪ್ಪನಿಗಿಲ್ಲ! ಆ ಸಲದ ಚುನಾವಣೆಗೆ ನಿಂತವರು ಇಬ್ಬರು. ಒಬ್ಬ, ನಮ್ಮ ಗದ್ದೆಗೆ ಬರುವ ನೀರನ್ನು ತಡೆದಿದ್ದ ಸಾಹುಕಾರ. ಗದ್ದೆ ಒಣಗಿ ಅಪ್ಪ ಕಾಕನಕೋಟೆ ಕಾಡಿಗೆ ಕೂಲಿಗೆ ಹೋಗಿ, ಚಳಿಜ್ವರ ಹತ್ತಿಸಿಕೊಂಡು ಬಂದು ಮಲಗಿದ್ದ. ಇನ್ನೊಬ್ಬರು, ನೀರು ಬಿಡಿಸುತ್ತೇನೆಂದ ಹುಣಸೂರಿನ ವಕೀಲರು. ಅವರ ಹೆಸರೂ ನಂಜಪ್ಪ.

ಓದು ಬಾರದವರು ಹೆಸರನ್ನು ಬಾಯಿಬಿಟ್ಟು ಹೇಳಬೇಕೆಂದು ಅವ್ವನಿಗೆ ಗೊತ್ತಾದದ್ದು, ವೋಟಿನ ದಿನ ನನ್ನನ್ನೂ ಕರೆದುಕೊಂಡು ಹೋಗಿ ಶಾಲೆಯಲ್ಲಿ ಮೇಜಿನ ಮುಂದೆ ನಿಂತ ಮೇಲೆ.

"ಯಾರಿಗಮ್ಮ? ಹೆಸರು ಹೇಳಿ," ಎಂದರು ಅಧಿಕಾರಿ.

"ಆ ವಕೀಲ್ರಿಗೆ ಕಣ್ರಪ್ಪ. ಇವಳಪ್ಪನ ಎಸ್ರೇ ಅವರ್ದೂವೆ..."

ನಾನು ಬಾಯಿ ತೆರೆದೆ. "ಮಗು ಹೇಳಿದ್ರೆ ಆಗೋದಿಲ್ಲ," ಎಂದರು.

ಪಕ್ಕದಲ್ಲೇ ಕೂತಿದ್ದ ಸಾಹುಕಾರ ನಕ್ಕ. "ಆಯಮ್ಮನ ಕೈಲಿ ಆಗಾಕಿಲ್ಲ ಬುಡಿ ಸ್ವಾಮಿ. ಗಂಡ ಬೇರೆ ಜ್ವರದಾಗವ್ನೆ. ನನ್ನೆಸ್ರೇ ಬರ್ಕೊಳಿ."

ಅವ್ವ ನನ್ನ ರಟ್ಟೆಯನ್ನು ಬಿಗಿಯಾಗಿ ಹಿಡಿದಳು. ಕಣ್ಣು ಮುಚ್ಚಿ, "ನಂಜಪ್ಪ" ಎಂದಳು. ಮರುಕ್ಷಣವೇ ಬಾಯಿಗೆ ಸೆರಗು ಒತ್ತಿಕೊಂಡು ಮನೆಯತ್ತ ಓಡಿದಳು, ಹಿಂದೆ ನಾನು. ಹೊಸಿಲ ಹತ್ತಿರ ಅವಳ ಕಾಲು ನಿಂತುಹೋಯಿತು. "ನೀನೋಗು. ಉಸ್ರು ಐತಾ ನೋಡು," ಎಂದಳು. ನನಗೂ ಒಳಗೆ ಹೋಗಲು ಭಯ.

ಒಳಗಿನಿಂದ ಅಪ್ಪನೇ ಕೇಳಿದ: "ಯಾರ್ಗಾಕ್ದೆ ಕಣಮ್ಮಿ?"

ಅವ್ವ ಅಲ್ಲೇ ಕುಸಿದು ಕೂತು ಅತ್ತಳು.

ವಕೀಲರು ಗೆದ್ದರು, ಗದ್ದೆಗೆ ನೀರು ಬಂತು. ಅಪ್ಪ ಮುದುಕನಾಗುವವರೆಗೂ ಬದುಕಿದ. ಆದರೆ ಅವನು ಒಂದು ಸಲ ಕೆಮ್ಮಿದರೂ ಅವ್ವ ಬಿಳಿಚಿಕೊಳ್ಳುತ್ತಿದ್ದಳು, ಎಲ್ಲ ತನ್ನಿಂದಲೇ ಎಂದು. ಆದರೂ ಮುಂದಿನ ವೋಟಿಗೆ ನಡುಗುತ್ತಲೇ ಹೋದಳು.

ಇವತ್ತು ಬೆಳಿಗ್ಗೆ ನಮ್ಮ ಯಜಮಾನರು ಹಿತ್ತಿಲಲ್ಲಿದ್ದರು. ಯಾವಾಗಲೂ 'ರೀ' ಅನ್ನುವ ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು, "ರಾಮಯ್ಯ" ಎಂದೆ. ಉತ್ತರವಿಲ್ಲ. ಅವ್ವನನ್ನು ನೆನೆದು ಇನ್ನೂ ಗಟ್ಟಿಯಾಗಿ ಕೂಗಿದೆ.

"ಯಾರದು, ನನ್ನನ್ನ ಹೆಸರು ಹಿಡಿದು ಕೂಗ್ತಿರೋದು?"

"ನಾನೇ ಕಣ್ರೀ," ಎಂದೆ.