ಹಿಂದುಮುಂದಾದ ದೋಣಿ

ಮೊನ್ನೆ ನಮ್ಮ ಬೀದಿಗೆ ಡಾಂಬರು ಹಾಕಿದರು. ಹೊಸಪೇಟೆಯಲ್ಲಿ ಬೀದಿಗೆ ಡಾಂಬರು ಬೀಳುವುದೆಂದರೆ ಸಣ್ಣ ಸಂಗತಿಯಲ್ಲ. ಮನೆಗೊಬ್ಬರಂತೆ ಬಾಗಿಲಿಗೆ ಬಂದು ನಿಂತು ನೋಡಿ, ಆಮೇಲೆ ಮೂಗು ಮುಚ್ಚಿಕೊಂಡು ಒಳಗೆ ಹೋದರು. ನನ್ನ ಮಗಳು ಚಂದನಾ ಅಡುಗೆಮನೆಯಿಂದಲೇ ಕೂಗಿದಳು: "ಅವ್ವಾ, ವಾಸನಿ ತಡಿಯಾಕ ಆಗವಲ್ದು, ಬಾಗಿಲು ಹಾಕು!" ನಾನು ಮಾತ್ರ ಕಾಂಪೌಂಡಿಗೆ ಒರಗಿಕೊಂಡು, ಮಲ್ಲಿಗೆ ಅಂಗಡಿಯ ಮುಂದೆ ನಿಂತವಳ ಹಾಗೆ ಉಸಿರೆಳೆದುಕೊಳ್ಳುತ್ತಿದ್ದೆ. ರೋಲರ್ ಓಡಿಸುವವನಿಗೆ ಅನುಮಾನ ಬಂತು. "ಏನ್ರಿ ಅಕ್ಕಾರ, ಏನರ ಕಳಕೊಂಡೀರೇನ್ರಿ?" ಅಂದ.

"ಏನಿಲ್ಲಪ್ಪ, ನೀ ನಿನ್ನ ಕೆಲಸ ಮಾಡು" ಅಂದೆ. ಅವನಿಗೆ ಏನಂತ ಹೇಳಲಿ? ಡಾಂಬರಿನ ವಾಸನೆ ಅಂದರೆ ನನಗೆ ಹುಲಿಗೆಮ್ಮನ ವಾಸನೆ ಅಂತ ಹೇಳಿದ್ದರೆ ರೋಲರ್ ಬಿಟ್ಟು ಓಡಿಹೋಗುತ್ತಿದ್ದ. ನಿಮಗಾದರೆ ಹೇಳಬಹುದು, ನೀವು ಕೂತು ಕೇಳುವವರು.

ನಮ್ಮೂರು ಕಂಪ್ಲಿ. ಅಪ್ಪನದು ಅಕ್ಕಿ ಅಂಗಡಿ. ಹೈಸ್ಕೂಲಿಗೆ ನನ್ನನ್ನು ಟಿ.ಬಿ. ಡ್ಯಾಂನಲ್ಲಿದ್ದ ದೊಡ್ಡಮ್ಮನ ಮನೆಗೆ ಕಳಿಸಿದರು. ದೊಡ್ಡಪ್ಪನಿಗೆ ಕಾಲುವೆ ಆಫೀಸಿನಲ್ಲಿ ನೌಕರಿ, ಇರಲಿಕ್ಕೆ ಕ್ವಾರ್ಟರ್ಸು. ಅಲ್ಲಿನ ಶಾಲೆಯಲ್ಲಿ ನನ್ನ ಬೆಂಚಿನಲ್ಲಿ ಸಿಕ್ಕವಳೇ ಹುಲಿಗೆಮ್ಮ. ಅವಳ ಅಪ್ಪ ಅಂಬಣ್ಣ ಡ್ಯಾಂ ಹಿಂದಿನ ನೀರಿನಲ್ಲಿ ಹರಗೋಲು ಹಾಕಿ ಮೀನು ಹಿಡಿಯುತ್ತಿದ್ದರು. ಹರಗೋಲು ನೀವು ಹಂಪಿಯಲ್ಲಿ ನೋಡಿರುತ್ತೀರಿ, ಬಿದಿರು ಹೆಣೆದು ತಳಕ್ಕೆ ಡಾಂಬರು ಬಳಿದ ದುಂಡನೆಯ ದೊಡ್ಡ ಬುಟ್ಟಿ. ಆ ಡಾಂಬರು ಹುಲಿಗಿಯ ಲಂಗ, ಪುಸ್ತಕ, ಜಡೆ ಎಲ್ಲಕ್ಕೂ ಹತ್ತಿರುತ್ತಿತ್ತು. ಅವಳ ಪಕ್ಕ ಕೂತು ಕೂತು ನನಗೂ ಹತ್ತಿತು. ದೊಡ್ಡಮ್ಮ ಸೀಮೆಎಣ್ಣೆ ಹಾಕಿ ಉಜ್ಜುತ್ತ, "ಸಾಲಿ ಕಲಿಯಾಕ ಹೊಕ್ಕೀಯೋ, ರೋಡ್ ಹಾಕಾಕ ಹೊಕ್ಕೀಯೋ?" ಅಂತ ಬೈಯುತ್ತಿದ್ದಳು.

ಹುಲಿಗಿ ನಡೆಯುವುದಕ್ಕಿಂತ ಮುಂಚೆ ಹುಟ್ಟು ಹಾಕಲು ಕಲಿತವಳು. ಆದರೆ ನಾನು ಅವಳನ್ನು ಕಂಡ ಹೊತ್ತಿಗೆ ಅವಳು ನೀರು ಬಿಟ್ಟಾಗಿತ್ತು. ಮೈನೆರೆದು ಆರತಿ ಮಾಡಿಸಿಕೊಂಡ ಮಾರನೆಯ ದಿನವೇ ಅವರಜ್ಜಿ ಹರಗೋಲು ಮುಟ್ಟಬಾರದು ಅಂತ ಹೇಳಿಬಿಟ್ಟಿದ್ದರು. ದೊಡ್ಡವಳಾದ ಹುಡುಗಿ ನಾಲ್ಕು ಗಂಡಸರು ನೋಡುವ ಕಡೆ ಹುಟ್ಟು ಹಾಕುತ್ತ ಕೂತರೆ ನಾಳೆ ಯಾರು ಕೇಳಿಕೊಂಡು ಬರುತ್ತಾರೆ ಅಂತ ಅವರ ಚಿಂತೆ. ಅಂಬಣ್ಣ ಕಾಕಾ ಅವ್ವನ ಮಾತಿಗೆ ಎದುರಾಡುವವರಲ್ಲ. "ಬಾಗಲಾಗ ನಿಂತ್ರ ನೀರು ಕಾಣತೈತಿ, ಮುಟ್ಟಂಗಿಲ್ಲ. ಇದಕ್ಕಿಂತ ಬ್ಯಾರೆ ಊರಾಗ ಇದ್ದಿದ್ರ ಚಲೋ ಇತ್ತಲೇ" ಅಂತ ಹುಲಿಗಿ ಒಮ್ಮೆ ನನಗೆ ಅಂದಿದ್ದಳು. ಹಾಗೆ ಹೇಳುವಾಗ ನಗಲಿಲ್ಲ.

ಆಗ ಸುರುವಾದದ್ದು ಕಿರಿಯರ ರೋಯಿಂಗ್ ಕ್ಲಬ್. ಬೋರ್ಡು ಬರೆಯುವವನು 'ರೋಮಿಂಗ್ ಕ್ಲಬ್' ಅಂತ ಬರೆದು, ಅದನ್ನು ತಿದ್ದಿಸುವಷ್ಟರಲ್ಲಿ ನಾಲ್ಕು ಜನ ಮೊಬೈಲ್ ಕರೆನ್ಸಿ ಹಾಕಿಸಲು ಬಂದುಹೋಗಿದ್ದರು. ಕಲಿಸುವವರು ನಿವೃತ್ತ ಇಂಜಿನಿಯರರೊಬ್ಬರು. ನಾವು ಬರೀ 'ಸಾರ್' ಅನ್ನುತ್ತಿದ್ದೆವು. ಕಾರ್ಯದರ್ಶಿ ಹಾರ್ಡ್‌ವೇರ್ ಅಂಗಡಿಯವರು. ಕ್ಲಬ್ಬಿಗೆ ಎರಡು ಉದ್ದನೆಯ ದೋಣಿಗಳಿದ್ದವು. ಹೊಸದು ಹುಡುಗರಿಗೆ. ಹಳೆಯದೂ ಹುಡುಗರಿಗೇ.

ಸಾರ್ ಹಟ ಹಿಡಿದು ಹುಡುಗಿಯರದೂ ಒಂದು ತಂಡ ಮಾಡಿದರು: ಹುಟ್ಟು ಹಾಕಲು ನಾನು, ನಮ್ಮ ಕ್ಲಾಸಿನ ರೇಷ್ಮಾ, ಕ್ವಾರ್ಟರ್ಸಿನ ಅಕ್ಕತಂಗಿ ಇಬ್ಬರು, ಜೊತೆಗೆ ಹುಲಿಗಿ. ಸಾಲಿಯವರು ಆಡಿಸುವ ಆಟ ಅಂದದ್ದಕ್ಕೆ ಅವಳ ಅಜ್ಜಿ ಖೋಖೋ ಥರದ್ದೇನೋ ಅಂದುಕೊಂಡು ಹೂಂ ಅಂದಿದ್ದರು. ಕಾರ್ಯದರ್ಶಿಗೆ ಮಾತ್ರ ಮನಸ್ಸಿಲ್ಲ. "ರೇಸಿನ ದಿನ ಹಳೇ ದೋಣಿ ತಗೊಳ್ರಿ. ಯಾರೂ ಹಗ್ಗ ಹಾಕಿ ಎಳೀದಂಗ ದೋಣಿ ಆ ಕಡೆ ಬಾವುಟ ದಾಟಿತಂದ್ರ, ಪ್ರತಿ ಐತವಾರ ಬೆಳಗ್ಗೆ ಆ ದೋಣಿ ಹುಡುಗ್ಯಾರದು. ಎಳೀಬೇಕಾತಂದ್ರ ಈ ಹುಡುಗ್ಯಾರ ತಂಡಾನ ಇಲ್ಲಿಗೇ ಬಿಡೂದು" ಅಂದರು. ಗೆಲ್ಲುವ ಮಾತೇ ಎತ್ತಲಿಲ್ಲ, ನೋಡಿ. ನಮ್ಮ ಮೇಲೆ ಅಷ್ಟು ವಿಶ್ವಾಸ.

ಹುಲಿಗಿ ಆ ದಿನ ನನ್ನ ಕೈ ಹಿಡಿದುಕೊಂಡು, "ಐತವಾರ ಸಿಕ್ಕರ ಸಾಕಲೇ. ಅಜ್ಜಿಗೆ ಸಾಲಿ ಆಟ ಅಂತೀನಿ. ವಾರಕ್ಕೊಮ್ಮೆ ಆದರೂ ನೀರಿನ ಮ್ಯಾಲೆ ಇರ್ತೀನಿ" ಅಂದಳು. ಗೆಲುವು, ಬಹುಮಾನ ಯಾವುದೂ ಅವಳಿಗೆ ಬೇಕಾಗಿರಲಿಲ್ಲ.

ಅಭ್ಯಾಸದ ಮೊದಲ ದಿನವೇ ಗದ್ದಲ. ಈ ಉದ್ದ ದೋಣಿಯಲ್ಲಿ ಹುಟ್ಟು ಹಾಕುವವರು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರಬೇಕು. ಹುಲಿಗಿ ಸುತರಾಂ ಒಪ್ಪಲಿಲ್ಲ. "ಹೋಗೂ ಊರಿಗೆ ಬೆನ್ನು ಹಾಕಿ ಕುಂತು ಹೆಂಗ ಹೋಗ್ತಾರ್ರಿ ಸಾರ್? ಎದುರಿಗೆ ಮೊಸಳಿ ಬಂದ್ರ ಕೇಳಿಕೊಂತ ಬರತೈತೇನ್ರಿ?" ಸಾರ್ ತಲೆ ಕೆರೆದುಕೊಂಡರು. ಕೊನೆಗೆ ಅವಳನ್ನು ದೋಣಿಯ ಹಿಂತುದಿಯಲ್ಲಿ, ನಮಗೆ ಎದುರಾಗಿ ಕೂರಿಸಿದರು. ಅಲ್ಲಿ ಕೂತವಳು ದಾರಿ ನೋಡಿ ಕೂಗಿ ಹೇಳಬೇಕು, ನಾವು ಕಣ್ಣುಮುಚ್ಚಿ ಹುಟ್ಟು ಹಾಕಬೇಕು. ಅವಳಿಗೆ ಎದುರಾಗಿ ತೀರ ಹತ್ತಿರ ಕೂತವಳು ನಾನು. ಅವಳು ಕೂಗಿದರೆ ನನ್ನ ಕಿವಿಯಲ್ಲಿ ಗಂಟೆ ಬಾರಿಸಿದಂತೆ ಆಗುತ್ತಿತ್ತು.

ಅವಳು "ಮುಂದಕ ಹೊಡೀರಿ!" ಅಂದಳು. ನಾವು ನಮ್ಮ ಮುಖ ಇದ್ದ ಕಡೆಯೇ ಮುಂದು ಅಂದುಕೊಂಡು ಹೊಡೆದೆವು. ದೋಣಿ ಸೀದಾ ಹಿಂದಕ್ಕೆ ಹೋಗಿ ದಂಡೆಯ ಕೆಸರು ಹೊಕ್ಕಿತು. ಎಡ ಬಲಗಳದ್ದೂ ಅದೇ ಕಥೆ, ಅವಳ ಎಡ ನಮ್ಮ ಬಲ. ಎರಡು ದಿನ ಬೈದಾಡಿಕೊಂಡು ಮೂರನೆಯ ದಿನ ಹುಲಿಗಿಯೇ ಬೇರೆ ಮಾತು ಕಟ್ಟಿದಳು. ದೋಣಿ ನಮ್ಮ ಬೆನ್ನಿನ ಕಡೆ ಹೋಗಬೇಕಾದರೆ "ಬೆನ್ನಿಗೆ!" ಮುಖದ ಕಡೆ ಬರಬೇಕಾದರೆ "ಮಾರಿಗೆ!" ಬಲಗೈ ಕಡೆಯವರಿಗೆ "ಉಣ್ಣೂ ಕೈ!" ಎಡಗೈ ಕಡೆಯವರಿಗೆ... ಅದನ್ನು ಹೇಳುವುದು ಬೇಡ ಬಿಡಿ, ನಿಮಗೆ ಗೊತ್ತಾಗಿರುತ್ತದೆ. ಆ ಕಡೆ ಕೂತ ರೇಷ್ಮಾ ಮಾತ್ರ, "ನನ್ನ ಹಂಗ ಕರೀಬ್ಯಾಡಲೇ, ಜನ ಕೇಳ್ತಾರ" ಅಂತ ಕೊನೆಯವರೆಗೂ ಗೋಗರೆದಳು.

ರೇಸಿನ ದಿನ ಡ್ಯಾಂ ದಂಡೆಯ ತುಂಬ ಜನ. ಶಾಮಿಯಾನ, ಮೈಕು, ಮಂಡಕ್ಕಿ ಮಿರ್ಚಿ ಗಾಡಿ ಎಲ್ಲ ಬಂದಿದ್ದವು. ಹುಡುಗಿಯರ ರೇಸಿಗೆ ಸಂಡೂರಿನ ಕಡೆಯಿಂದ ಒಂದು ತಂಡ ಬಂದಿತ್ತು. ಅವರ ಬಿಳಿ ಬೂಟುಗಳೆಲ್ಲ ಗಣಿ ಧೂಳಿಗೆ ಕೆಂಪಗಾಗಿದ್ದವು, ತೋಳು ನೋಡಿದರೆ ನನ್ನ ಕಾಲಿನಷ್ಟಿದ್ದವು. ಕಂಪ್ಲಿಯ ತಂಡವೂ ಇತ್ತು. ನಮ್ಮೂರಿನವರೇ ನನಗೆ ಎದುರಾಳಿಗಳು. ನಮ್ಮಪ್ಪ ಅಂಗಡಿ ಮುಚ್ಚಿ ಬಂದು ಯಾರಿಗೆ ಚಪ್ಪಾಳೆ ಹೊಡೆಯುವುದು ತಿಳಿಯದೆ ಎಲ್ಲರಿಗೂ ಹೊಡೆಯುತ್ತಿದ್ದರು.

ಯಾರ ದೋಣಿಯಾದರೂ ಸಿಕ್ಕಿಕೊಂಡರೆ ಎಳೆದು ತರಲಿಕ್ಕೆ ಅಂತ ಒಂದು ಹರಗೋಲು ನಿಲ್ಲಿಸಿದ್ದರು. ಅದರಲ್ಲಿ ಹೊಸ ಹಗ್ಗದ ಸುರುಳಿ ಇಟ್ಟುಕೊಂಡು ಕೂತಿದ್ದವರು ಅಂಬಣ್ಣ ಕಾಕಾ! ಹುಲಿಗಿ ನೋಡಿದಳು, ಮುಖ ಬಾಡಿತು. "ನಮ್ಮಪ್ಪಗ ನನ್ನ ಮ್ಯಾಲೆ ಭಾಳ ಜೀವ. ಸ್ವಲ್ಪ ಅಲುಗಾಡಿದ್ರೂ ಹಗ್ಗ ಒಗದ ಬಿಡ್ತಾನಲೇ" ಅಂದಳು.

ಸೀಟಿ ಊದಿದರು. "ಬೆನ್ನಿಗೆ! ಬೆನ್ನಿಗೆ!" ಅಂತ ಹುಲಿಗಿ ಸುರು ಮಾಡಿದಳು. ದಂಡೆಯವರೆಲ್ಲ ಏನೋ ಬೆನ್ನುನೋವಿನ ವಿಚಾರ ಅಂದುಕೊಂಡರಂತೆ. ಸಂಡೂರಿನವರು ನೀರು ಸೀಳಿಕೊಂಡು ಹೋದರು, ಕಂಪ್ಲಿಯವರು ಅವರ ಹಿಂದೆ. ನಾವು ನಮ್ಮ ಪಾಡಿಗೆ ಮೂರನೆಯವರಾಗಿ ಹೋಗುತ್ತಿದ್ದೆವು. ಅರ್ಧ ದಾರಿ ಚೆನ್ನಾಗೇ ಆಯಿತು. ಆಮೇಲೆ ಗಾಳಿ ಎದ್ದಿತು. ಡ್ಯಾಂ ಹಿಂದಿನ ನೀರಿನ ಮೇಲೆ ಎದ್ದ ಗಾಳಿ ಅಂದರೆ ಅದಕ್ಕೆ ದಾಕ್ಷಿಣ್ಯ ಅನ್ನುವುದೇ ಇಲ್ಲ. ಹಳೇ ದೋಣಿ ಅಡ್ಡ ತಿರುಗಿತು, ನಾವು ಗಾಬರಿಯಲ್ಲಿ ಒಬ್ಬೊಬ್ಬರು ಒಂದೊಂದು ಕಡೆ ಹೊಡೆದೆವು, ನೋಡುವಷ್ಟರಲ್ಲಿ ಪೂರ್ತಿ ತಿರುಗಿ ನಿಂತಿತು. ದೋಣಿಯ ಮೂತಿ ಹೊರಟ ಕಡೆಗೆ, ಬಾಲ ಬಾವುಟದ ಕಡೆಗೆ. ತಿರುಗಿಸಲು ನೋಡಿದೆವು; ಅಷ್ಟುದ್ದದ ದೋಣಿ ಆ ಗಾಳಿಯಲ್ಲಿ ಜಪ್ಪಯ್ಯ ಅಂದರೂ ತಿರುಗಲಿಲ್ಲ. ರೇಷ್ಮಾ ಅಳಲು ಸುರು ಮಾಡಿದಳು. ನನ್ನ ಅಂಗೈ ಸುಲಿದಿತ್ತು, ನನಗೂ ಅಳು ಬಂತು.

ಬೆನ್ನ ಹಿಂದೆ ಕಾಕಾನ ದನಿ ಕೇಳಿತು. "ಹುಲಿಗೀ, ಹೆದರಬ್ಯಾಡವ್ವ, ಬಂದೆ! ಹಗ್ಗ ಒಗಿತೀನಿ, ಹಿಡಕಾ!"

ಹುಲಿಗಿ ಎದ್ದು ನಿಂತುಬಿಟ್ಟಳು. "ಒಗಿಬ್ಯಾಡಪ್ಪಾ! ನಿನ್ನ ಕಾಲಿಗೆ ಬೀಳ್ತೀನಿ, ಹಗ್ಗ ಒಗಿಬ್ಯಾಡ! ಒಗದ್ರ ನಾ ಇನ್ನ ಯಾವತ್ತೂ ನೀರಿಗೆ ಬರಂಗಿಲ್ಲ!"

ಆಮೇಲೆ ಕೂತು ನಮ್ಮನ್ನು ನೋಡಿದಳು. ಈ ದೋಣಿಗೆ ಮುಂದು ಹಿಂದು ಅಂತ ಇದೆ ಅನ್ನುವುದು ಸಾರ್ ಹೇಳಿದ ಮಾತು. ಅವಳು ಬೆಳೆದದ್ದು ಹರಗೋಲಿನಲ್ಲಿ, ದುಂಡನೆಯದಕ್ಕೆ ಎಲ್ಲಿಯ ಮುಂದು? "ಏ, ತಿರುಗಿಸೂದು ಬಿಡ್ರಿ. ನಿಮ್ಮ ಮಾರಿ ಈಗ ಬಾವುಟದ ಕಡೆ ಐತಿ. ಮಾರಿಗೆ ಹೊಡೀರಿ! ಲೇ, ನನಗ ಬಾವುಟ ಕಾಣಂಗಿಲ್ಲ, ನೀ ನೋಡಿ ಹೇಳು" ಅಂತ ನನಗೆ ಅಂದಳು.

ಹುಟ್ಟನ್ನು ಎಳೆಯುವ ಬದಲು ತಳ್ಳುತ್ತ, ಏಡಿಯ ಹಾಗೆ ಹೊರಟೆವು. ಹೋಗುವ ಕಡೆ ನೋಡಿಕೊಂಡು ಹೋದದ್ದು ಅದೇ ಮೊದಲು, ನನಗೆ ಅದೆಷ್ಟು ಹಿತವಾಯಿತೆಂದರೆ! "ಉಣ್ಣೂ ಕೈ ಕಡೆ ಸ್ವಲ್ಪ!" ಅಂತ ನಾನು ಹೇಳುವುದು, "ಉಣ್ಣೂ ಕೈ!" ಅಂತ ಅವಳು ದೊಡ್ಡದಾಗಿ ಕೂಗುವುದು. ಅವಳು ಈಗ ಬಾವುಟಕ್ಕೆ ಬೆನ್ನು ಹಾಕಿ ಕೂತಿದ್ದಳು, ಹಿಂದೆ ಬರುತ್ತಿದ್ದ ಅಪ್ಪನಿಗೆ ಎದುರಾಗಿ. ಕಾಕಾ ನನಗೆ ಕಾಣುತ್ತಿರಲಿಲ್ಲ. ಕಂಡದ್ದು ಅವಳ ಮುಖ ಮಾತ್ರ. ಮೊದಲು ಬೇಡಿಕೊಳ್ಳುವ ಮುಖ. ಸ್ವಲ್ಪ ಹೊತ್ತಿಗೆ ತುಟಿ ಅದುರಿತು, ಆಮೇಲೆ ನಕ್ಕಳು, ಕಣ್ಣಲ್ಲಿ ನೀರು ಸುರಿಸಿಕೊಂಡೇ ನಕ್ಕಳು. ಬೆನ್ನ ಹಿಂದೆ ಏನಾಯಿತೋ ಅಂತ ನನಗೆ ತಿರುಗಿ ನೋಡುವ ಆಸೆ, ತಿರುಗಿದರೆ ಬಾವುಟ ತಪ್ಪುತ್ತದೆ.

ಉಳಿದ ಎರಡು ದೋಣಿ ಬಂದು, ಅವರು ಇಳಿದು ಮಿರ್ಚಿ ತಿನ್ನುತ್ತಿದ್ದಾಗ ನಮ್ಮ ದೋಣಿ ಬಾಲ ಮುಂದೆ ಮಾಡಿಕೊಂಡು ಬಾವುಟ ದಾಟಿತು. ದಂಡೆಯಲ್ಲಿ ಸಿಳ್ಳೆಯೋ ಸಿಳ್ಳೆ. ನಾನು ಹೊರಳಿ ನೋಡಿದೆ. ಅಂಬಣ್ಣ ಕಾಕಾ ಹಗ್ಗದ ಸುರುಳಿಯನ್ನು ಬುಡಕ್ಕೆ ಹಾಕಿಕೊಂಡು ಅದರ ಮೇಲೆ ಭದ್ರವಾಗಿ ಕೂತಿದ್ದರು, ಎಲ್ಲಿ ತಮ್ಮ ಕೈ ಮಾತು ಕೇಳದೆ ಎತ್ತಿ ಒಗೆದುಬಿಡುತ್ತದೋ ಅನ್ನುವವರ ಹಾಗೆ.

ಕಾರ್ಯದರ್ಶಿ ಓಡಿಬಂದರು. "ಇದು ಹೆಂಗ ಲೆಕ್ಕಕ್ಕ ಬರತೈತ್ರಿ? ದೋಣಿ ಹಿಂದುಮುಂದಾಗಿ ಬಂದೈತಿ!"

ಸಾರ್ ಕನ್ನಡಕ ಒರೆಸಿಕೊಂಡು, "ದೋಣಿ ಬಾವುಟ ದಾಟಬೇಕು ಅಂದ್ರಿ. ಯಾವ ಕಡೆಯಿಂದ ಅಂತ ನೀವು ಹೇಳಲಿಲ್ಲವಲ್ಲ" ಅಂದರು. ಮೈಕಿನವನು ಅಷ್ಟರಲ್ಲಿ 'ಐತವಾರ ದೋಣಿ ಹುಡುಗ್ಯಾರದು' ಅಂತ ಕೂಗಿಬಿಟ್ಟ. ಕೂಗಿದ್ದನ್ನು ವಾಪಸು ತಗೊಳ್ಳಲು ಆಗುತ್ತದೆಯೇ? ಸಂಜೆ ಕಾಕಾ ಮನೆಗೆ ಹೊರಟಾಗ ಮಗಳಿಗೆ ಹರಗೋಲಿನ ಹುಟ್ಟು ಕೊಟ್ಟು, "ನನಗ ರಟ್ಟಿ ನೋಯಾಕತ್ತಾವು, ನೀನ ಹಾಕು. ಅಜ್ಜಿಗೆ ನಾ ಹೇಳ್ತೀನಿ" ಅಂದರು. ದಿನವಿಡೀ ಹಗ್ಗದ ಮೇಲೆ ಕೂತವರಿಗೆ ರಟ್ಟೆ ಯಾಕೆ ನೋಯಬೇಕು, ನೀವೇ ಹೇಳಿ. ಅದೇ ದಿನ ತಳಕ್ಕೆ ಹೊಸ ಡಾಂಬರು ಹಚ್ಚಿದ್ದರೋ ಏನೋ, ಅವಳನ್ನು ಹತ್ತಿಸಲು ಹೋಗಿ ನನ್ನ ಬಿಳಿ ಅಂಗಿಯೆಲ್ಲ ಕಪ್ಪಾಯಿತು. ದೊಡ್ಡಮ್ಮನ ಬೈಗುಳ ಆ ದಿನ ಕಿವಿಗೇ ಬೀಳಲಿಲ್ಲ.

ರೋಲರ್ ಮುಂದಿನ ಬೀದಿಗೆ ಹೋದ ಮೇಲೆ ನಾನು ಹುಲಿಗಿಗೆ ಫೋನ್ ಮಾಡಿದೆ. ಅವಳೀಗ ಹಂಪಿ ಬಜಾರಿನ ಆಚೆ ಹೊಳೆಯಲ್ಲಿ ಪ್ರವಾಸಿಗಳಿಗೆ ಸ್ವಂತ ಹರಗೋಲು ನಡೆಸುತ್ತಾಳೆ, ಭಾನುವಾರ ಬೆಳಗ್ಗೆ ಮಾತ್ರ ಡ್ಯಾಂಗೆ ಬಂದು ಹುಡುಗಿಯರಿಗೆ ಕಲಿಸುತ್ತಾಳೆ. "ನೆನಪು ಬರಾಕ ರೋಡ್ ಹಾಕಬೇಕಾತೇನಲೇ?" ಅಂತ ಬೈದು, "ಮಗಳನ್ನ ಕರಕೊಂಡು ಬಾ" ಅಂದಳು.

ಹೋದೆವು. ಚಂದನಾಳನ್ನು ನನ್ನ ಹಳೆಯ ಜಾಗದಲ್ಲೇ ಕೂರಿಸಿದಳು. ನಾನು ದಂಡೆಯಲ್ಲಿ ನಿಂತಿದ್ದೆ. ಪಕ್ಕದ ನೀರಿನಲ್ಲಿ ಹರಗೋಲು, ಅದರಲ್ಲಿ ತಲೆ ಪೂರ್ತಿ ಬೆಳ್ಳಗಾದ ಅಂಬಣ್ಣ ಕಾಕಾ. ದೋಣಿ ಸ್ವಲ್ಪ ದೂರ ಹೋಗಿ, ಗಾಳಿ ಬಂದು, ಅಡ್ಡ ತಿರುಗಿತು. ನನ್ನ ಮಗಳು "ಅವ್ವಾ!" ಅಂತ ಚೀರಿದಳು. ನಾನು ನೀರಿನ ಅಂಚಿಗೆ ಓಡಿ ಕೂಗಿದೆ:

"ಕಾಕಾ, ಹಗ್ಗ! ಜಲ್ದಿ ಹಗ್ಗ ಒಗೀರಿ!"

ಕಾಕಾ ಕೂತಲ್ಲಿಂದ ಏಳಲಿಲ್ಲ. "ಹೆಂಗ ಒಗೀಲವ್ವ," ಅಂದರು, "ಹಗ್ಗದ ಮ್ಯಾಲೆ ಕುಂತೀನಲ್ಲ."