ಅಮ್ಮನ ಕಾಲ್ಬೆರಳಿನ ಬೆಳ್ಳಿ

ಸಕ್ಕರೆ ಕಾಯಿಲೆಯವರ ಕಾಲಿಗೆ ಗಾಯವಾಗಬಾರದು ಎಂದು ಅಮ್ಮನ ತಲೆ ತಿನ್ನುತ್ತಲೇ ಬಂದವನು ನಾನು. ಚಪ್ಪಲಿ, ಉಗುರು, ಹೊಸ್ತಿಲು, ಬಚ್ಚಲ ಕಲ್ಲು, ಎಲ್ಲದರ ಮೇಲೂ ನನಗೆ ಅನುಮಾನವಿತ್ತು. ಕಾಲುಂಗುರದ ಮೇಲೆ ಮಾತ್ರ ಇರಲಿಲ್ಲ. ಗಾಯವಾದದ್ದು ಅದರ ಅಡಿಯಲ್ಲೇ.

ಲಕ್ಷ್ಮೀಪುರಂನ ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ಊದಿದ ಬೆರಳು ನೋಡಿ ಎರಡು ಮಾತು ಹೇಳಿದರು. ಉಂಗುರ ಕತ್ತರಿಸಬೇಕು. ಸೋಂಕು ಮೂಳೆಗಿಳಿದರೆ ಬೆರಳು ಉಳಿಯುವುದಿಲ್ಲ, ಅದಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ನ್ಯಾನೋ ಬೆಳ್ಳಿಯ ಪಟ್ಟಿ ಕಟ್ಟೋಣ.

ಬೆಳ್ಳಿ ಅಂದಮೇಲೆ ಪಟ್ಟಿಗೆ ಅಮ್ಮ ತಕ್ಷಣ ಒಪ್ಪಿದಳು. ಉಂಗುರದ ಮಾತಿಗೆ ಒಪ್ಪಲಿಲ್ಲ. "ಇವ್ರು ಆಚೆ ಬೆಂಚಿನ ಮೇಲೆ ಗುಂಡುಕಲ್ಲಿನಂಗೆ ಕೂತವ್ರೆ. ನಾನ್ಯಾಕೆ ಕಾಲುಂಗ್ರ ತೆಗೀಲಿ ಡಾಕ್ಟ್ರಮ್ಮ?"

ನನ್ನದು ತಿರುಗಾಮುರುಗಾ. ಉಂಗುರಕ್ಕೆ ಒಪ್ಪಿದೆ, ಪಟ್ಟಿಗೆ ಬೆವರಿದೆ. ಅಂಗಡಿಯಲ್ಲಿ ಬೆಳ್ಳಿ ಕಣ ಸೇರಿಸಿದ ಸಾಕ್ಸ್ ಕಂಡರೆ ಪಕ್ಕದ ಸಾಲಿಗೆ ಸರಿಯುವ ಆಸಾಮಿ ನಾನು. ಕಣ್ಣಿಗೆ ಕಾಣುವ ಇಲಿಗೇ ಹೆದರುವವನು ಕಾಣದ ಕಣಕ್ಕೆ ಹೆದರದಿರಲು ಸಾಧ್ಯವೇ?

"ಅಷ್ಟು ಸಣ್ಣ ಕಣ ರಕ್ತಕ್ಕೆ ಹೋಗಲ್ವಾ ಡಾಕ್ಟ್ರೇ?"

"ಸ್ವಲ್ಪ ಹೋಗುತ್ತೆ ಸಾರ್."

ಸುಳ್ಳು ಹೇಳಿದ್ದರೆ ಎಷ್ಟೋ ನೆಮ್ಮದಿಯಾಗುತ್ತಿತ್ತು.

"ಅಷ್ಟು ಸಣ್ಣಗಿರೋದಕ್ಕೇ ಅದು ಕ್ರಿಮಿನ ಚೆನ್ನಾಗಿ ಕೊಲ್ಲೋದು," ಎಂದರು ಅವರು. "ಕೆಲವು ವಾರ ಕಟ್ಟಿದ್ರೆ ಸಾಮಾನ್ಯವಾಗಿ ತೊಂದ್ರೆ ಇಲ್ಲ. ವರ್ಷಗಟ್ಟಲೆ ಮೈಗೆ, ನೀರಿಗೆ, ಮಣ್ಣಿಗೆ ಸೇರ್ತಾ ಹೋದ್ರೆ ಏನಾಗುತ್ತೆ ಅಂತ ಪೂರ್ತಿ ಗೊತ್ತಿಲ್ಲ. ಅದಕ್ಕೇ ಬೇಕಾದಷ್ಟು ದಿನ ಮಾತ್ರ. ಸುಮ್ನೆ ಬಿಟ್ರೆ ಈ ಬೆರಳಿಗೆ ಏನಾಗುತ್ತೆ ಅಂತ ಮಾತ್ರ ಚೆನ್ನಾಗಿ ಗೊತ್ತು."

ಅಷ್ಟರಲ್ಲಿ ಅಪ್ಪ ಒಳಗೆ ಬಂದರು. "ಉಂಗ್ರ ತೆಗುದ್ರೆ ನಾನೇನೂ ಸಾಯಲ್ಲ ಕಣೇ. ನೀನು ಮೂಲೆ ಹಿಡುದ್ರೆ ಕಾಫಿ ಇಲ್ದೆ ಸಾಯ್ತೀನಿ."

ಅಮ್ಮ ಕಾಲು ಚಾಚಿದಳು. ಡಾಕ್ಟರಮ್ಮ ಉಂಗುರ ಕತ್ತರಿಸಿ ಅಮ್ಮನ ಕೈಗಿತ್ತರು. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಬೆಳ್ಳಿ ಪಟ್ಟಿ ಕಟ್ಟಿ, ಮೇಲೆ ಬಟ್ಟೆ ಸುತ್ತಿ, ಇದನ್ನು ಬಿಚ್ಚಬೇಡಿ, ಬಿಗಿ ಮಾಡಬೇಡಿ, ಬೆರಳು ಕಪ್ಪಾದರೆ ಕೂಡಲೇ ಕರೆತನ್ನಿ ಎಂದು ಹೇಳಿ ಕಳಿಸಿದರು.

ಸರಸ್ವತಿಪುರಂನ ಮನೆಯಲ್ಲಿ ನಾನು ಟಾರ್ಚು ಹಿಡಿದು ಆ ಬೆರಳಿನ ಕಾವಲಿಗೆ ನಿಂತೆ.

"ಏನೋ ಅದು, ನನ್ನ ಕಾಲ ಹತ್ರ ಹೆಗ್ಗಣ ಹುಡುಕ್ತಾ ಇದೀಯಾ?" ಎಂದಳು ಅಮ್ಮ.

ಒಂದು ಮಧ್ಯಾಹ್ನ ಪಟ್ಟಿಯ ಅಂಚಿನಲ್ಲಿ ಇಣುಕುತ್ತಿದ್ದ ಬೆರಳ ತುದಿ ಕಪ್ಪಗೆ ಕಂಡಿತು. ಟಾರ್ಚು ಒರೆಸಿಕೊಂಡು ನೋಡಿದೆ. ಕಪ್ಪೇ.

ಮೂವರೂ ಆಟೋ ಹತ್ತಿ ಕ್ಲಿನಿಕ್ಕಿಗೆ ಹೊರಟೆವು. ದಾರಿಯಲ್ಲಿ ನಾನು ಫೋನು ತೆಗೆದೆ, ತೆಗೆಯಬಾರದಿತ್ತು. ಬೆರಳು ಕೊಳೆತರೆ ಕಪ್ಪಾಗುತ್ತದಂತೆ. ಬೆಳ್ಳಿಯ ಪಟ್ಟಿ ಚರ್ಮಕ್ಕೆ ಕರೆ ಹಿಡಿಸಿದರೂ ಕಪ್ಪಾಗುತ್ತದಂತೆ. ಮೈಸೂರಿನ ಯಾವ ಮಗನೂ ಬೇಡಿರಲಾರದ ವರವನ್ನು ಬೇಡಿದೆ: ನಾನು ಹೆದರಿದ್ದ ಆ ಬೆಳ್ಳಿಯೇ ಆಗಿರಲಪ್ಪಾ, ಅದರ ಕಣವೇ ಅಂಟಿರಲಿ.

ಡಾಕ್ಟರಮ್ಮ ಮೇಲಿನ ಬಟ್ಟೆ ಬಿಚ್ಚುತ್ತಾ ಹೋದರು. ನಡುವೆ ಏನೋ ಮಿಂಚಿತು. ಕತ್ತರಿಸಿದ ಕಾಲುಂಗುರ! ಪಟ್ಟಿಯ ಮೇಲಿಟ್ಟು ದಾರದಿಂದ ಬಿಗಿದು ಕಟ್ಟಿತ್ತು.

"ಅಮ್ಮಾ, ಇದೇನಿದು?" ಎಂದರು ಡಾಕ್ಟರಮ್ಮ.

"ನೀವೇ ಬೆಳ್ಳಿ ಒಳ್ಳೇದು ಅಂದ್ರಲ್ಲ," ಅಮ್ಮ ಸೆರಗು ತಿರುವಿದಳು. "ಕಾಣ್ದೇ ಇರೋ ಬೆಳ್ಳೀನೇ ವಾಸಿ ಮಾಡ್ತದೆ ಅಂದ್ಮೇಲೆ ಕಾಣೋ ಬೆಳ್ಳೀನೂ ಜೊತೇಲಿರ್ಲಿ ಅಂತ ಇವ್ನು ಮಲಗಿದ್ಮೇಲೆ ಬಟ್ಟೆ ಬಿಚ್ಚಿ ಕಟ್ಕೊಂಡ್ಬುಟ್ಟೆ. ಬೋಳು ಬೆರಳು ನೋಡಕ್ಕಾಗ್ಲಿಲ್ಲ ಕಣಮ್ಮ."

ಡಾಕ್ಟರಮ್ಮ ದಾರ ಕತ್ತರಿಸಿ ಉಂಗುರವನ್ನು ಪಕ್ಕಕ್ಕಿಟ್ಟರು. ಪಟ್ಟಿ ಬಿಚ್ಚಿ, ಒದ್ದೆ ಹತ್ತಿಯಿಂದ ಬೆರಳು ಒರೆಸಿದರು. ಕಪ್ಪು ಸ್ವಲ್ಪ ಹತ್ತಿಗೆ ಬಂತು. ಸ್ವಲ್ಪ ಬರಲಿಲ್ಲ. ಬೆರಳ ತುದಿಯನ್ನು ಒತ್ತಿ ಬಿಟ್ಟರು. ಬೆಳ್ಳಗಾಯಿತು. ಬೆಳ್ಳಗೇ ಇತ್ತು. ಅಪ್ಪ ನನ್ನ ತೋಳು ಹಿಡಿದುಕೊಂಡರು. ಆಮೇಲೆ, ಬಹಳ ನಿಧಾನವಾಗಿ, ಕೆಂಪು ಏರಿತು.

"ರಕ್ತ ಓಡ್ತಿದೆ," ಎಂದರು ಡಾಕ್ಟರಮ್ಮ, ಅವರೂ ಉಸಿರು ಬಿಟ್ಟು. "ಈ ಕಪ್ಪು ಬೆಳ್ಳಿ ಪಟ್ಟೀದು, ಹೋಗುತ್ತೆ. ಗಾಯದಲ್ಲಿ ಕೀವಿಲ್ಲ. ಆದ್ರೆ ಆ ದಾರ ಹಾಗೇ ಇದ್ದಿದ್ರೆ ಬೆರಳು ನಿಜವಾಗ್ಲೂ ಕಪ್ಪಾಗ್ತಿತ್ತು."

ಅಪ್ಪ ಬಗ್ಗಿ ಉಂಗುರವೆತ್ತಿ ಅಂಗಿಯ ಜೇಬಿಗೆ ಹಾಕಿಕೊಂಡರು. "ನನ್ನತ್ರ ಇರ್ಲಿ. ನಾನಿರೋಗಂಟ ಇದೂ ಇರ್ತದೆ, ಸಾಕಾ?"

ಅಮ್ಮ ಜೇಬನ್ನೊಮ್ಮೆ ನೋಡಿ ತಲೆಯಾಡಿಸಿದಳು.

ಹೊಸ ಬೆಳ್ಳಿ ಪಟ್ಟಿ ಕಟ್ಟಲು ಈ ಸಲ ನಾನೇ ಅಮ್ಮನ ಪಾದ ಹಿಡಿದುಕೊಂಡೆ. ಬೆಚ್ಚಗಿತ್ತು. ಹಳೆಯ ಪಟ್ಟಿ ಕ್ಲಿನಿಕ್ಕಿನ ಕಸದ ಹಳದಿ ಡಬ್ಬಿಗೆ ಬಿತ್ತು. ಅಲ್ಲಿಂದ ಆ ಕಣಗಳೆಲ್ಲ ಎಲ್ಲಿಗೆ ಹೋಗುತ್ತವೆ ಎಂದು ಕೇಳಲು ಬಾಯಿ ತೆರೆದೆ.

ಅಮ್ಮ ನನ್ನ ತೋಳು ಚಿವುಟಿದಳು. "ಮೊದ್ಲು ಕಾಲು ಕಟ್ಲಿ ಬುಡೋ. ಆಮೇಲೆ ಕೇಳೀವಂತೆ."